ಮೂರು ಕ್ಯಾಮೆರಾದ ಬಯಲಾಟಕ್ಕೆ ಯಾವ ಡೆಸ್ಕ್‌ಟಾಪ್? 265ಕೆ, 9900ಎಕ್ಸ್ ಮತ್ತು ಉಳಿದ ಬಿಡಿಭಾಗಗಳ ಹೋಲಿಕೆ

ನಮ್ಮದು ಬೆಳಗಿನವರೆಗೆ ನಡೆಯುವ ಯಕ್ಷಗಾನವನ್ನು ಮೂರು ಕ್ಯಾಮೆರಾ ಇಟ್ಟು ಚಿತ್ರಿಸಿ ಎಡಿಟ್ ಮಾಡುವ ಕೆಲಸ. ಪುತ್ತೂರಿನಲ್ಲಿ ನನ್ನದೊಂದು ಮೆಷಿನ್, ಮಂಗಳೂರಿನಲ್ಲಿ ಜೊತೆಗಾರನದ್ದೊಂದು. ಎರಡಕ್ಕೂ ವಯಸ್ಸಾಗಿತ್ತು. ಹೊಸದು ಕಟ್ಟುವಾಗ ಬೇಕೆಂದೇ ನಾನು ಇಂಟೆಲ್, ಅವನು ಎಎಂಡಿ ಅಂತ ಹಂಚಿಕೊಂಡೆವು. ನನ್ನ ಪ್ರೊಸೆಸರ್ ಕೋರ್ ಅಲ್ಟ್ರಾ 7 265ಕೆ, ಅವನದು ರೈಜನ್ 9 9900ಎಕ್ಸ್. ನಾವು ಅಂಗಡಿಯಲ್ಲಿ ಕೇಳಿದಾಗ ಎರಡರ ಬೆಲೆಯೂ ಅಕ್ಕಪಕ್ಕದಲ್ಲೇ ಇತ್ತು. ಗ್ರಾಫಿಕ್ಸ್ ಕಾರ್ಡು, ಎಸ್‌ಎಸ್‌ಡಿಗಳನ್ನು ಅದಲುಬದಲು ಮಾಡಿ ಒಂದೇ ಫುಟೇಜನ್ನು ಎರಡರಲ್ಲೂ ಓಡಿಸಿ ನೋಡಿದ್ದೇವೆ. ಸಾಫ್ಟ್‌ವೇರ್ ಡಾವಿಂಚಿ ರಿಸಾಲ್ವ್ ಸ್ಟುಡಿಯೋ.

ಮೊದಲು ಲೆಕ್ಕ ಹೇಳಿಬಿಡುತ್ತೇನೆ, ಮುಂದಿನ ಮಾತೆಲ್ಲ ಇದರ ಮೇಲೇ ನಿಂತಿದೆ. ನಮ್ಮ ಕ್ಯಾಮೆರಾಗಳು ಎಚ್.265 ಅನ್ನುವ ವಿಡಿಯೋ ಕುಗ್ಗಿಸುವ ವಿಧಾನದಲ್ಲಿ 4ಕೆ, ಸೆಕೆಂಡಿಗೆ 50 ಫ್ರೇಮ್, 10 ಬಿಟ್, 4:2:2 (ಬಣ್ಣದ ವಿವರ ಎಷ್ಟು ಉಳಿಯುತ್ತದೆ ಅನ್ನುವ ಅಳತೆ) ರೆಕಾರ್ಡ್ ಮಾಡುತ್ತವೆ. ಸೆಕೆಂಡಿಗೆ 100 ಮೆಗಾಬಿಟ್. ಅಂದರೆ ಒಂದು ಕ್ಯಾಮೆರಾಕ್ಕೆ ಗಂಟೆಗೆ 45 ಜಿಬಿ. ಮೂರು ಕ್ಯಾಮೆರಾ, ಎಂಟು ಗಂಟೆಯ ಆಟ ಅಂದರೆ ಒಂದು ರಾತ್ರಿಗೆ ಒಂದು ಟಿಬಿ ದಾಟಿತು. 4:2:2 ಯಾಕೆ ಬೇಕು ಅಂದರೆ ಬಣ್ಣದ ವೇಷದ ಮುಖ ನೋಡಿ. ಕೆಂಪಿನ ಪಕ್ಕ ಕಪ್ಪು, ಅದರ ಅಂಚಿನಲ್ಲಿ ಅಕ್ಕಿಹಿಟ್ಟಿನ ಬಿಳಿ ಚಿಟ್ಟಿ. ಮಾಮೂಲಿ 4:2:0ರಲ್ಲಿ ಬಣ್ಣದ ವಿವರ ಅಡ್ಡಕ್ಕೂ ಉದ್ದಕ್ಕೂ ಅರ್ಧವಾಗುತ್ತದೆ. ಗ್ರೇಡಿಂಗಿನಲ್ಲಿ, ಅಂದರೆ ಬಣ್ಣ ಹೊಂದಿಸುವಾಗ, ಸ್ವಲ್ಪ ಎಳೆದರೂ ಕೆಂಪಿನ ಅಂಚು ಚೌಕ ಚೌಕವಾಗಿ ಒಡೆಯುತ್ತದೆ. 4:2:2ರಲ್ಲಿ ಉದ್ದದ ವಿವರ ಪೂರ್ತಿ ಉಳಿಯುವುದರಿಂದ ಚಿಟ್ಟಿಯ ಗೆರೆ ಗೆರೆಯಾಗಿಯೇ ಇರುತ್ತದೆ.

ತೊಂದರೆ ಎಲ್ಲಿ ಅಂದರೆ, ಈ 4:2:2 ಎಚ್.265 ಬಿಚ್ಚುವ (ಡಿಕೋಡ್ ಮಾಡುವ) ಹಾರ್ಡ್‌ವೇರ್ ಎಲ್ಲ ಚಿಪ್ಪಿನಲ್ಲೂ ಇಲ್ಲ. ಇಂಟೆಲ್ ಪ್ರೊಸೆಸರಿನ ಒಳಗಿನ ಗ್ರಾಫಿಕ್ಸ್‌ನ ವಿಡಿಯೋ ಘಟಕವಾದ ಕ್ವಿಕ್ ಸಿಂಕ್‌ನಲ್ಲಿ ಹಲವು ಪೀಳಿಗೆಯಿಂದ ಇದೆ. 9900ಎಕ್ಸ್‌ನಲ್ಲೂ ಪುಟ್ಟದೊಂದು ಗ್ರಾಫಿಕ್ಸ್ ಇದೆ, ಆದರೆ ಅದಕ್ಕೆ 4:2:2 ಬರುವುದಿಲ್ಲ. ಎನ್‌ವಿಡಿಯಾದಲ್ಲಿ ಆರ್‌ಟಿಎಕ್ಸ್ 50 ಸರಣಿಗೆ ಮೊದಲಿನ ಯಾವ ಗೇಮಿಂಗ್ ಕಾರ್ಡಿಗೂ ಬರುತ್ತಿರಲಿಲ್ಲ.

ನಮ್ಮ ಮೊದಲ ಸುತ್ತು ನಡೆದದ್ದು ಹಳೆಯ ಮೆಷಿನ್‌ನಿಂದ ಕಿತ್ತ ಆರ್‌ಟಿಎಕ್ಸ್ 3060 ಕಾರ್ಡಿನಲ್ಲಿ. ರೈಜನ್‌ನಲ್ಲಿ ಮೂರು ಕ್ಯಾಮೆರಾದ ಮಲ್ಟಿಕ್ಯಾಮ್ ತೆರೆದ ಕೂಡಲೇ ಹನ್ನೆರಡೂ ಕೋರ್‌ಗಳು ಬೆವರತೊಡಗಿದವು. ಪ್ಲೇ ಒತ್ತಿದರೆ ಚಿತ್ರ ತಡವರಿಸುತ್ತದೆ, ಚೆಂಡೆಯ ಪೆಟ್ಟು ಒಂದು ಕಡೆ, ಕೈ ಎತ್ತಿದ್ದು ಇನ್ನೊಂದು ಕಡೆ. ಕಟ್ ಎಲ್ಲಿ ಹಾಕಬೇಕು ಅಂತ ಕಣ್ಣಿಗೆ ಗೊತ್ತಾಗದಿದ್ದರೆ ಎಡಿಟರ್ ಯಾಕೆ? ಪ್ರಾಕ್ಸಿ, ಅಂದರೆ ಎಡಿಟಿಂಗಿಗೆ ಹಗುರವಾದ ನಕಲು, ಮಾಡಿಕೊಳ್ಳಬಹುದು, ಆದರೆ ಒಂದು ಟಿಬಿಗೆ ಪ್ರಾಕ್ಸಿ ಮಾಡಲು ಹಚ್ಚಿದರೆ ಅರ್ಧ ದಿನ ಹೋಯಿತು. ಅದೇ ಕಾರ್ಡು, ಅದೇ ಪ್ರಾಜೆಕ್ಟು ಇಂಟೆಲ್‌ನಲ್ಲಿ ತೆರೆದರೆ ಟಾಸ್ಕ್ ಮ್ಯಾನೇಜರ್‌ನಲ್ಲಿ ಇಂಟೆಲ್ ಗ್ರಾಫಿಕ್ಸ್‌ನ ವಿಡಿಯೋ ಡಿಕೋಡ್ ಗೆರೆ ಮೇಲೇರಿತು, ಸಿಪಿಯು ಆರಾಮಾಗಿ ಕೂತಿತ್ತು. ಮೂರೂ ಕೋನ ಸಲೀಸಾಗಿ ಓಡಿದವು. ಕೋರ್‌ಗಳ ಸಂಖ್ಯೆ, ಗಿಗಾಹರ್ಟ್ಜ್, ಬೆಂಚ್‌ಮಾರ್ಕ್ ಯಾವುದರಲ್ಲೂ ಕಾಣದ ವ್ಯತ್ಯಾಸ ಇದು.

ಇಲ್ಲಿಗೆ ಮುಗಿದಿದ್ದರೆ ಇಂಟೆಲ್ ಗೆದ್ದಂತೆ. ಆದರೆ ಎರಡನೇ ಸುತ್ತಿನಲ್ಲಿ ಆರ್‌ಟಿಎಕ್ಸ್ 5060 ಟಿಐ ಹಾಕಿದೆವು. ಈಗ ರೈಜನ್ ಮೆಷಿನ್ ಕೂಡ ತಕರಾರಿಲ್ಲದೆ ಓಡಿಸಿತು, ಬಿಚ್ಚುವ ಕೆಲಸವನ್ನು ಕಾರ್ಡೇ ವಹಿಸಿಕೊಂಡಿತ್ತು. ಹಾಗಾಗಿ 50 ಸರಣಿಯ ಕಾರ್ಡು ತೆಗೆದುಕೊಳ್ಳುವವರಿಗೆ ಇಂಟೆಲ್ ಬೇಕೇ ಬೇಕು ಅಂತ ಹೇಳಲಾರೆ. ನನಗೆ ಇನ್ನೂ ಇಂಟೆಲ್ ಕಡೆ ಒಲವಿರುವುದು ಕಾರ್ಡಿನ ಮೆಮೊರಿಯ ಕಾರಣಕ್ಕೆ. ಡಿಕೋಡ್ ಅನ್ನು ಕ್ವಿಕ್ ಸಿಂಕ್‌ಗೆ ಒಪ್ಪಿಸಿದರೆ ಅಷ್ಟು ವಿಡಿಯೋ ಮೆಮೊರಿ ನಾಯ್ಸ್ ರಿಡಕ್ಷನ್‌ಗೆ, ಅಂದರೆ ಮಂದ ಬೆಳಕಿನ ಚಿತ್ರದ ಕಾಳುಕಾಳು ತೆಗೆಯಲು, ಉಳಿಯುತ್ತದೆ. ರಿಸಾಲ್ವ್‌ನ ಪ್ರಿಫರೆನ್ಸ್‌ನಲ್ಲಿ ಯಾವುದರಿಂದ ಡಿಕೋಡ್ ಆಗಬೇಕು ಅಂತ ನಾವೇ ಗುರುತು ಹಾಕಬಹುದು. ಒಂದು ಎಚ್ಚರ: ಅಂಗಡಿಯವರು "ಸರ್, ಕೆಎಫ್ ತಗೊಳ್ಳಿ, ಕಡಿಮೆಗೆ ಸಿಗ್ತದೆ" ಅನ್ನುತ್ತಾರೆ. ಕೊನೆಯ ಎಫ್ ಅಂದರೆ ಒಳಗಿನ ಗ್ರಾಫಿಕ್ಸ್ ಇಲ್ಲ. ಅದು ಇಲ್ಲ ಅಂದರೆ ಕ್ವಿಕ್ ಸಿಂಕ್ ಇಲ್ಲ. ನಮ್ಮಂಥವರು ಇಂಟೆಲ್ ತೆಗೆದುಕೊಳ್ಳುವ ಕಾರಣವನ್ನೇ ಕೈಬಿಟ್ಟಂತೆ.

ಉಳಿದ ವಿಷಯದಲ್ಲಿ ಎರಡೂ ಸರಿಸುಮಾರು. ಬ್ಲೆಂಡರ್‌ನ ಸಿಪಿಯು ರೆಂಡರ್‌ನಲ್ಲಿ 20 ಕೋರಿನ 265ಕೆ ಸ್ವಲ್ಪ ಮುಂದೆ. ಎಕ್ಸ್‌ಪೋರ್ಟ್ ಮಾಡುವುದು ಗ್ರಾಫಿಕ್ಸ್ ಕಾರ್ಡಿನ ಎನ್‌ಕೋಡರ್, ಆದ್ದರಿಂದ ಅಲ್ಲಿ ವ್ಯತ್ಯಾಸ ಕಾಣಲಿಲ್ಲ. ಸುಮ್ಮನೆ ಕೂತಾಗ ಪ್ಲಗ್ಗಿನ ವಾಟ್ ಮೀಟರ್ ನೋಡಿದರೆ ಇಂಟೆಲ್ ಮೆಷಿನ್ ಸುಮಾರು ಇಪ್ಪತ್ತು ವಾಟ್ ಕಡಿಮೆ ಎಳೆಯುತ್ತದೆ. ಪೂರ್ತಿ ದುಡಿಯುವಾಗ ಮಾತ್ರ ರೈಜನ್ ಮಿತವ್ಯಯಿ. ಅದರ ಮಿತಿ 162 ವಾಟ್, 265ಕೆ 250ರವರೆಗೂ ಹೋಗುತ್ತದೆ. ಎಎಂಡಿಗೆ ನಿಜವಾದ ಮೇಲುಗೈ ಸಾಕೆಟ್ಟಿನಲ್ಲಿ, ಅಂದರೆ ಬೋರ್ಡಿನಲ್ಲಿ ಪ್ರೊಸೆಸರ್ ಕೂರುವ ಜಾಗದಲ್ಲಿ. ಈಗಿನ ಎಎಂ5 ಸಾಕೆಟ್ಟಿಗೆ 2027ರವರೆಗೆ, ಆಮೇಲೂ ಬೆಂಬಲ ಇದೆ ಅಂತ ಕಂಪನಿ ಹೇಳಿದೆ. ಹಿಂದಿನ ಎಎಂ4ನಲ್ಲಿ ಅವರು ಮಾತು ಉಳಿಸಿಕೊಂಡಿದ್ದರು, 2017ರ ಬೋರ್ಡಿಗೆ ಬಯಾಸ್ ಅಪ್‌ಡೇಟ್ ಮಾಡಿ 2022ರ 5800ಎಕ್ಸ್3ಡಿ ಕೂರಿಸಿದವರಿದ್ದಾರೆ. ಇಂಟೆಲ್‌ನಲ್ಲಿ ಆ ಭರವಸೆ ಇಟ್ಟುಕೊಳ್ಳಬೇಡಿ. ಜೊತೆಗಾರ ಇಂಟೆಲ್‌ಗೆ ಹೆದರಿದ್ದು 2024ರ ವೋಲ್ಟೇಜ್ ರಗಳೆಯಿಂದ, ಹೆಚ್ಚು ವೋಲ್ಟೇಜಿಗೆ ಪ್ರೊಸೆಸರ್‌ಗಳು ಕೆಡುತ್ತಿದ್ದವು. ಅದು 13 ಮತ್ತು 14ನೇ ಪೀಳಿಗೆಯದ್ದು. ಮೈಕ್ರೋಕೋಡ್ (ಪ್ರೊಸೆಸರಿನ ಒಳಗಿನ ತಂತ್ರಾಂಶ) ಅಪ್‌ಡೇಟ್ ಬಿಡುಗಡೆ ಮಾಡಿ, ವಾರಂಟಿಯನ್ನು ಎರಡು ವರ್ಷ ಹೆಚ್ಚಿಸಿ ಇಂಟೆಲ್ ಅದಕ್ಕೆ ತೇಪೆ ಹಾಕಿತು. 265ಕೆ ಬೇರೆಯದೇ ವಿನ್ಯಾಸ.

ಇನ್ನು ಗ್ರಾಫಿಕ್ಸ್ ಕಾರ್ಡು. ನಮ್ಮ ಮುಂದಿದ್ದವು ಮೂರು: ಆರ್‌ಟಿಎಕ್ಸ್ 5060 ಟಿಐನ 16 ಜಿಬಿ ಮಾದರಿ, 12 ಜಿಬಿಯ ಆರ್‌ಟಿಎಕ್ಸ್ 5070, 16 ಜಿಬಿಯ ರೇಡಿಯಾನ್ ಆರ್‌ಎಕ್ಸ್ 9070 ಎಕ್ಸ್‌ಟಿ. ಕೊನೆಯದು ನೆಂಟರ ಹುಡುಗನದ್ದು, ಗೇಮ್ ಆಡುವವನು, ಎರವಲು ಕೊಟ್ಟ. ಕಾಗದದ ಮೇಲೆ 5070 ಗಟ್ಟಿ: 6144 ಕೋರ್, ಸೆಕೆಂಡಿಗೆ 672 ಜಿಬಿ ಮೆಮೊರಿ ವೇಗ. 5060 ಟಿಐಯಲ್ಲಿ 4608 ಕೋರ್, 448 ಜಿಬಿ. ಗ್ರೇಡಿಂಗ್, ಎಕ್ಸ್‌ಪೋರ್ಟ್ ಎರಡರಲ್ಲೂ 5070 ಮುಂದೆ, ಅದು ಕಣ್ಣಿಗೇ ಗೊತ್ತಾಗುತ್ತದೆ. ಆದರೆ ನಡುರಾತ್ರಿಯ ಮಂದ ಬೆಳಕಿನ ಶಾಟ್‌ಗೆ 4ಕೆಯಲ್ಲಿ ಟೆಂಪೊರಲ್ ನಾಯ್ಸ್ ರಿಡಕ್ಷನ್ ಹಾಕಿ ಮೇಲೆ ಇನ್ನೊಂದೆರಡು ಎಫೆಕ್ಟ್ ಪೇರಿಸಿದಾಗ 12 ಜಿಬಿ ತುಂಬಿತು, ಜಿಪಿಯು ಮೆಮೊರಿ ಮುಗಿದಿದೆ ಅನ್ನುವ ಪೆಟ್ಟಿಗೆ ತೆರೆದುಕೊಂಡಿತು. 5060 ಟಿಐ ನಿಧಾನಕ್ಕೆ, ಆದರೆ ನಿಲ್ಲದೆ ಮುಗಿಸಿತು. ರಾತ್ರಿ ರೆಂಡರ್‌ಗೆ ಹಚ್ಚಿ ಮಲಗುವವನಿಗೆ ನಿಧಾನದ್ದೇ ಮೇಲು.

ಎರಡನೇ ಕಾರಣ ಸಬ್‌ಟೈಟಲ್. ಅರ್ಥಗಾರಿಕೆಯನ್ನು ಅಕ್ಷರಕ್ಕಿಳಿಸಲು, ಮಾತು ಕೇಳಿ ಬರೆಯುವ ಎಐ ಟೂಲ್ ವಿಸ್ಪರ್‌ನ ಲಾರ್ಜ್ ಮಾಡೆಲ್ ಬಳಸುತ್ತೇವೆ. ಭಾಗವತರ ಪದ್ಯಕ್ಕೆ ಅದು ನೆಲಕಚ್ಚುತ್ತದೆ, ಚೆಂಡೆ ಮದ್ದಳೆಯ ನಡುವೆ ಏನೇನೋ ಕೇಳಿಸಿಕೊಳ್ಳುತ್ತದೆ. ಮಾತಿನ ಭಾಗ ಮಾತ್ರ ತಿದ್ದಿ ಬಳಸುವಷ್ಟು ಚೆನ್ನಾಗಿ ಬರುತ್ತದೆ. ಆ ಮಾಡೆಲ್‌ಗೆ ಸುಮಾರು 10 ಜಿಬಿ ವಿಡಿಯೋ ಮೆಮೊರಿ ಬೇಕು. 12 ಜಿಬಿ ಕಾರ್ಡಿನಲ್ಲಿ ರಿಸಾಲ್ವ್ ಮುಚ್ಚದೆ ಅದು ಏಳುವುದಿಲ್ಲ. 9070 ಎಕ್ಸ್‌ಟಿ ಮೂರರಲ್ಲೂ ದೊಡ್ಡ ಕುದುರೆ, ಗೇಮಿನಲ್ಲಿ ಅದರ ಮುಂದೆ 5060 ಟಿಐ ನಿಲ್ಲುವುದಿಲ್ಲ. ನಮಗೆ ಮಾತ್ರ ಒಗ್ಗಲಿಲ್ಲ: 4:2:2 ಬಿಚ್ಚಲು ಬರುವುದಿಲ್ಲ, ವಿಸ್ಪರ್‌ನ ವೇಗದ ಆವೃತ್ತಿಗಳು ಹೆಚ್ಚಾಗಿ ಎನ್‌ವಿಡಿಯಾ ಕಾರ್ಡಿಗೆಂದೇ ಇರುವ ಕುಡಾ ತಂತ್ರಾಂಶವನ್ನು ನೆಚ್ಚಿಕೊಂಡಿವೆ. ವಿಸ್ಪರ್.ಸಿಪಿಪಿ ಅನ್ನುವ ಇನ್ನೊಂದು ಆವೃತ್ತಿಯನ್ನು, ಬೇರೆ ಕಂಪನಿಯ ಕಾರ್ಡಿಗೂ ನಡೆಯುವ ವಲ್ಕನ್ ಮೂಲಕ ಓಡಿಸಬಹುದು, ಓಡಿಸಿಯೂ ನೋಡಿದೆವು, ಕೆಲಸ ಆಗುತ್ತದೆ. ಆದರೆ ಪ್ರತಿ ಹೊಸ ಟೂಲಿಗೂ ಹೀಗೆ ಒಳದಾರಿ ಹುಡುಕುವ ತಾಳ್ಮೆ ನನಗಿಲ್ಲ. ಕೈಯಲ್ಲಿ ದುಡ್ಡಿದ್ದರೆ 16 ಜಿಬಿಯ 5070 ಟಿಐ ತೆಗೆದುಕೊಳ್ಳಿ, ಈ ಚರ್ಚೆಯೇ ಬೇಡ.

9070 ಎಕ್ಸ್‌ಟಿಗೆ ಇನ್ನೊಂದು ಅಡ್ಡಿ ಇತ್ತು, ವಿದೇಶದ ರಿವ್ಯೂಗಳಲ್ಲಿ ಇದನ್ನು ಯಾರೂ ಹೇಳುವುದಿಲ್ಲ: ಯುಪಿಎಸ್. ನಮ್ಮಲ್ಲಿ ಏಪ್ರಿಲ್ ಕೊನೆಗೆ ಸಿಡಿಲು ಶುರುವಾದರೆ ಮಳೆಗಾಲ ಮುಗಿಯುವವರೆಗೆ ಕರೆಂಟಿನದ್ದು ಕಣ್ಣಾಮುಚ್ಚಾಲೆ. ಸಾಮಾನ್ಯವಾಗಿ ಸಿಗುವ ಒಂದು ಕೆವಿಎ ಯುಪಿಎಸ್ ಹೊರುವುದು 600 ವಾಟ್. ಈಗ ಕೂಡಿಸಿ ನೋಡಿ: 265ಕೆಗೆ 250, 5060 ಟಿಐಗೆ 180, ಉಳಿದದ್ದಕ್ಕೆಲ್ಲ ಒಂದು ಐವತ್ತು, ಅರವತ್ತು. ಪವರ್ ಸಪ್ಲೈಯ ನಷ್ಟ ಸೇರಿಸಿದರೂ 550ರ ಒಳಗೇ ನಿಲ್ಲುತ್ತದೆ. 9070 ಎಕ್ಸ್‌ಟಿಯದ್ದು 304 ವಾಟ್. ಎರಡೂ ಪೂರ್ತಿ ದುಡಿಯುವ ಹೊತ್ತಿಗೆ ಕರೆಂಟ್ ಹೋದರೆ ಯುಪಿಎಸ್ ಕಿರುಚಿ ಆಫ್ ಆಗುತ್ತದೆ. ಹಾಗೆ ಆಗಿಯೂ ಆಯಿತು. ಮನೆಯ ಇನ್ವರ್ಟರ್ ಸ್ಕ್ವೇರ್ ವೇವ್ ಆಗಿದ್ದರೆ ಇಂಥ ಮೆಷಿನ್ನನ್ನು ಅದಕ್ಕೆ ಜೋಡಿಸಲೇಬೇಡಿ. ಈಗಿನ ಪವರ್ ಸಪ್ಲೈಗಳಲ್ಲಿ ಆಕ್ಟಿವ್ ಪಿಎಫ್‌ಸಿ ಅನ್ನುವ ಸರ್ಕ್ಯೂಟ್ ಇರುತ್ತದೆ, ಅದು ಸೈನ್ ವೇವ್ ಬಯಸುತ್ತದೆ. ನಾವಿಬ್ಬರೂ ಹಾಕಿದ್ದು 850 ವಾಟ್‌ನ ಗೋಲ್ಡ್ ಪವರ್ ಸಪ್ಲೈ. ಗೋಲ್ಡ್ ಅನ್ನುವುದು ದಕ್ಷತೆಯ ಮುದ್ರೆ ಮಾತ್ರ, ಬಾಳಿಕೆಯದ್ದಲ್ಲ. ಬಾಳಿಕೆಗೆ ವಾರಂಟಿಯ ವರ್ಷ ನೋಡಿ.

ಎಸ್‌ಎಸ್‌ಡಿಯಲ್ಲಿ ಜನ ಸುಮ್ಮನೆ ಹಣ ಸುರಿಯುತ್ತಾರೆ. ಹೊಸ ಪೀಳಿಗೆಯ ಜೆನ್ 5 ಡ್ರೈವ್ ಸೆಕೆಂಡಿಗೆ ಹತ್ತು ಸಾವಿರ ಎಂಬಿ ದಾಟುತ್ತದೆ, ಜೆನ್ 4 ಏಳು ಸಾವಿರದ ಆಸುಪಾಸು. ನಮ್ಮ ಮೂರು ಸ್ಟ್ರೀಮ್ ಒಟ್ಟಿಗೆ ಕೇಳುವುದು 40 ಎಂಬಿಗಿಂತ ಕಡಿಮೆ! ಅದಕ್ಕೆ ಹಳೆಯ ಸಾಟಾ ಎಸ್‌ಎಸ್‌ಡಿಯೂ ಸಾಕು. ವ್ಯತ್ಯಾಸ ಕಂಡದ್ದು ಕ್ಯಾಮೆರಾದ ಮೆಮೊರಿ ಕಾರ್ಡಿನಿಂದ ಇಳಿಸುವಾಗ. ಅಗ್ಗದ ಕ್ಯುಎಲ್‌ಸಿ (ಒಂದು ಕೋಶಕ್ಕೆ ನಾಲ್ಕು ಬಿಟ್ ತುಂಬುವ) ಡ್ರೈವ್ ಮೊದಲು ಕಾರ್ಡ್ ರೀಡರ್ ಕೊಟ್ಟಷ್ಟನ್ನೂ, ಅಂದರೆ ಇನ್ನೂರೈವತ್ತು ಎಂಬಿವರೆಗೆ, ನುಂಗುತ್ತಾ ಹೋಗುತ್ತದೆ. ಒಳಗಿನ ಕ್ಯಾಶ್ ತುಂಬಿದ ಮೇಲೆ ನೂರರ ಹತ್ತಿರ ಕುಸಿಯುತ್ತದೆ. ಮೂರನೇ ಕ್ಯಾಮೆರಾದ ಕಾರ್ಡು ಇಳಿಯುವ ಹೊತ್ತಿಗೆ ಚಹಾ ಕುಡಿದು, ತಿಂಡಿ ತಿಂದು ಬಂದರೂ ಹಸಿರು ಪಟ್ಟಿ ತೆವಳುತ್ತಲೇ ಇತ್ತು. ಟಿಎಲ್‌ಸಿ (ಕೋಶಕ್ಕೆ ಮೂರು ಬಿಟ್) ಇರುವ ಜೆನ್ 4, 2 ಟಿಬಿ ಡ್ರೈವ್ ಕೊನೆಯವರೆಗೂ ಒಂದೇ ವೇಗ. ಜೆನ್ 5ರ ದುಡ್ಡನ್ನು ಬ್ಯಾಕಪ್ಪಿನ ಹಾರ್ಡ್‌ಡಿಸ್ಕಿಗೆ ಹಾಕಿ.

ರ್‍ಯಾಮ್ ವಿಷಯದಲ್ಲಿ ಒಂದೇ ಮಾತು: ಎರಡು ಕಡ್ಡಿ, 32 ಜಿಬಿಯವು. ನಾಲ್ಕು ಹದಿನಾರು ಹಾಕಿದರೂ ಮೊತ್ತ ಅದೇ 64, ಆದರೆ ಡಿಡಿಆರ್5ನಲ್ಲಿ ನಾಲ್ಕೂ ಸ್ಲಾಟ್ ತುಂಬಿದರೆ ವೇಗ ಇಳಿಸಬೇಕಾಗುತ್ತದೆ. 9900ಎಕ್ಸ್‌ಗೆ ಎರಡು ಕಡ್ಡಿಯಲ್ಲಿ ಎಎಂಡಿ ಹೇಳುವುದು 5600, ನಾಲ್ಕು ಕಡ್ಡಿಗೆ 3600. ಎರಡು ಕಡ್ಡಿಯಲ್ಲಿ 6000 ನಮ್ಮಲ್ಲಿ ತಕರಾರಿಲ್ಲದೆ ನಡೆಯುತ್ತಿದೆ. ಎಎಂ5 ಮೆಷಿನ್ ಮೊದಲ ಸಲ ಆನ್ ಮಾಡಿದಾಗ ಪರದೆ ಕೆಲವು ನಿಮಿಷ ಕಪ್ಪಾಗಿಯೇ ಇರುತ್ತದೆ. ಅದು ಮೆಮೊರಿಗೆ ಮೆಷಿನ್ ತಾನೇ ಹೊಂದಿಕೊಳ್ಳುವ ಹಂತ (ಮೆಮೊರಿ ಟ್ರೈನಿಂಗ್), ಗಾಬರಿಬಿದ್ದು ಸ್ವಿಚ್ ಆಫ್ ಮಾಡಬೇಡಿ. 2025ರ ಕೊನೆಯಿಂದ ಎಐ ಸರ್ವರ್‌ಗಳ ಬೇಡಿಕೆಗೆ ರ್‍ಯಾಮ್ ಬೆಲೆ ಗಗನಕ್ಕೇರಿದೆ, ಹಾಗಾಗಿ ಹಳೆಯ ಬಜೆಟ್ ಪಟ್ಟಿಗಳನ್ನು ನಂಬಿ ಅಂಗಡಿಗೆ ಹೋಗಬೇಡಿ.

ಕೂಲರ್ ಎರಡರಲ್ಲೂ ಎರಡು ಗೋಪುರದ ಏರ್ ಕೂಲರ್. ಏಪ್ರಿಲ್‌ನಲ್ಲಿ ಕೋಣೆಯೇ 34 ಡಿಗ್ರಿ ಇರುವಾಗ ಲಿಕ್ವಿಡ್ ಕೂಲರ್ ಕೂಡ ಅದೇ ಬಿಸಿ ಗಾಳಿಯನ್ನೇ ನಂಬಬೇಕು; ಅದರ ಪಂಪು ಕೆಟ್ಟರೆ ಪೂರ್ತಿ ಬದಲಿಸಬೇಕು, ಫ್ಯಾನ್ ಕೆಟ್ಟರೆ ಪುತ್ತೂರು ಪೇಟೆಯಲ್ಲೇ ಸಿಗುತ್ತದೆ. ನನ್ನ ಇಂಟೆಲ್ ಮದರ್‌ಬೋರ್ಡಿಗೆ ಝಡ್890 ಚಿಪ್‌ಸೆಟ್ ಬೇಕಾಗಿಲ್ಲ, ಓವರ್‌ಕ್ಲಾಕ್ ಮಾಡದವರಿಗೆ ಬಿ860 ಧಾರಾಳ ಆಯಿತು. ಉಳಿದ ಹಣದಲ್ಲಿ ಒಳ್ಳೆಯ ಕಾರ್ಡ್ ರೀಡರ್ ತೆಗೆದುಕೊಂಡೆ. ಬಿಡಿಭಾಗಗಳನ್ನು ಬೆಂಗಳೂರಿನ ಎಸ್‌ಪಿ ರೋಡಿನಿಂದ ತರಿಸುವವರು ಬಿಲ್ಲಿನಲ್ಲಿ ಪ್ರತಿ ವಸ್ತುವಿನ ಸೀರಿಯಲ್ ನಂಬರ್ ಬರೆಸಿಕೊಳ್ಳಿ, ವಾರಂಟಿಗೆ ಹೋದಾಗ ಮೊದಲು ಕೇಳುವುದೇ ಅದನ್ನು.