ಓಟಿಜಿಯ ಕೆಳಗಿನ ರಾಡ್: ಮೂರು ರಿಪೇರಿ ಮಾಡಿ ನೋಡಿದೆ

ಯಾರೋ ಬಳಸಿದ್ದ ಓಟಿಜಿಯೊಂದನ್ನು (ಓವನ್-ಟೋಸ್ಟರ್-ಗ್ರಿಲ್, ಅಂದರೆ ಕರೆಂಟಿನ ಪುಟ್ಟ ಓವನ್) 1,500 ರೂಪಾಯಿಗೆ ತಂದೆ. ಮೊದಲ ಸಲ ಬೆಣ್ಣೆ ಬಿಸ್ಕತ್ತು ಇಟ್ಟಾಗಲೇ ಗೊತ್ತಾಯಿತು. ಮೇಲೆ ಕೆಂಪಗಾಗಿದೆ, ತಳ ಹಸಿ ಹಿಟ್ಟು. ಕೆಳಗಿನ ರಾಡ್ ಕಾಯುತ್ತಲೇ ಇರಲಿಲ್ಲ.

ಮೊದಲು ತಂತಿ ಜೋಡಿಸಿ ನೋಡಿದೆ. ಪ್ಲಗ್ ಕಿತ್ತು, ಪಕ್ಕದ ತಗಡು ಬಿಚ್ಚಿದೆ. ರಾಡ್ ಅಂದರೆ ಹಾಲಿನ ಬಣ್ಣದ ಕ್ವಾರ್ಟ್ಜ್ ಕೊಳವೆ, ಒಳಗೆ ಸ್ಪ್ರಿಂಗ್‌ನಂತೆ ಸುತ್ತಿದ ನಿಕ್ರೋಮ್ ತಂತಿ (ಕರೆಂಟ್ ಹರಿದಾಗ ಕಾಯುವ ಮಿಶ್ರಲೋಹ). ಒಂದು ತುದಿಯ ಹತ್ತಿರ ತುಂಡಾಗಿತ್ತು, ಅಲ್ಲೊಂದು ಸಣ್ಣ ಕಪ್ಪು ಗುಂಡು. ಎರಡೂ ಕೊನೆಗಳನ್ನು ಬಿಗಿಯಾಗಿ ತಿರುಚಿದೆ. ಬಿಡಿಗಾಸು ಖರ್ಚಿಲ್ಲದೆ ಅಂದೇ ಕಾದಿತು. ಆದರೆ ತಿರುಚಿದ ಜಾಗ ಉಳಿದ ತಂತಿಗಿಂತ ಜಾಸ್ತಿ ಕೆಂಪಾಗುತ್ತಿತ್ತು. ಹನ್ನೊಂದನೇ ದಿನ ಅಲ್ಲೇ ಮತ್ತೆ ಸುಟ್ಟಿತು. ಬೆಸುಗೆ ಹಾಕಬಹುದಲ್ವಾ ಅನ್ನಬೇಡಿ. ತವರ-ಸೀಸದ ಬೆಸುಗೆ 183 ಡಿಗ್ರಿಗೇ ಕರಗತೊಡಗುತ್ತದೆ. ಕೆಂಪಗೆ ಕಾಯುವ ತಂತಿಯಲ್ಲಿ ಅದು ನಿಲ್ಲುವುದಿಲ್ಲ.

ಆಮೇಲೆ ಮೆಕ್ಯಾನಿಕ್ ಹತ್ತಿರ ಕೊಟ್ಟೆ. 650 ರೂಪಾಯಿ, ಸಂಜೆಗೆ ಕೈಗೆ ಬಂತು. ನೋಡಲು ಅಚ್ಚುಕಟ್ಟಾದ ಕೆಲಸ. ಈ ಸಲ ಬಿಸ್ಕತ್ತಿನ ತಳ ಕಪ್ಪು! ಮಲ್ಟಿಮೀಟರ್ ಹಿಡಿದು ಅಳೆದೆ. ಮೇಲಿನ ರಾಡ್ 88 ಓಮ್ (ಕರೆಂಟಿಗೆ ಒಡ್ಡುವ ತಡೆಯ ಅಳತೆ), ಕೆಳಗಿನದು 53. ಇದರ ಲೆಕ್ಕ ಸುಲಭ: ಮನೆಯ ಕರೆಂಟಿನ ವೋಲ್ಟ್ 230, ಅದನ್ನು 230ರಿಂದಲೇ ಗುಣಿಸಿ, ಓಮ್‌ನಿಂದ ಭಾಗಿಸಿದರೆ ವ್ಯಾಟ್ ಸಿಗುತ್ತದೆ. 88ಕ್ಕೆ 600 ವ್ಯಾಟ್, 53ಕ್ಕೆ ಸುಮಾರು 1,000. ಉದ್ದ ಸರಿಹೊಂದಿದ ರಾಡ್ ಹಾಕಿದ್ದರು, ವ್ಯಾಟ್ ನೋಡಿರಲಿಲ್ಲ.

ಕೊನೆಗೆ ಹಳೇ ರಾಡ್ ಹಿಡಿದು ಬೆಂಗಳೂರಿನಲ್ಲಿ ಎಲೆಕ್ಟ್ರಾನಿಕ್ಸ್ ಬಿಡಿಭಾಗದ ಅಂಗಡಿಗಳಿರುವ ಎಸ್.ಪಿ. ರೋಡಿಗೆ ಹೋದೆ. ಅದೇ ಉದ್ದ, 600 ವ್ಯಾಟ್, 220 ರೂಪಾಯಿ. ದುಡ್ಡು ಕೊಡುವ ಮುಂಚೆ ಅಲ್ಲೇ ಅಳೆದೆ, 87 ಬಂತು. ಮನೆಯಲ್ಲಿ ಕೂರಿಸಲು ಮುಕ್ಕಾಲು ಗಂಟೆ ಹಿಡಿಯಿತು. ಅದರಲ್ಲಿ ಅರ್ಧ ಹೊತ್ತು ತುದಿಯ ಪಿಂಗಾಣಿ ಟೋಪಿ ಒಡೆಯದಂತೆ ಕೂರಿಸುವುದಕ್ಕೇ ಹೋಯಿತು. ವೈರಿಗೆ ಪ್ಲಾಸ್ಟಿಕ್ ಟೇಪ್ ಸುತ್ತಲಿಲ್ಲ, ಬಿಸಿಗೆ ಅದು ಅಂಟಂಟಾಗಿ ಬಿಚ್ಚಿಕೊಳ್ಳುತ್ತದೆ. ಗಾಜಿನ ನೂಲಿನ ಸ್ಲೀವ್ ಹಾಕಿ, ಸ್ಕ್ರೂ ಬಿಗಿದೆ. ತಗಡು ಮುಚ್ಚುವ ಮೊದಲು ಮೀಟರಿನ ಒಂದು ಕಡ್ಡಿ ರಾಡಿನ ತುದಿಗೆ, ಇನ್ನೊಂದು ಹೊರಮೈಗೆ ಇಟ್ಟೆ. ಇಲ್ಲಿ ಸಂಪರ್ಕವೇ ತೋರಿಸಬಾರದು, ಸೊನ್ನೆ ಬಂದರೆ ಸಂಪರ್ಕ ಇದೆ ಅಂತ ಅರ್ಥ. ಪ್ಲಗ್ಗಿನ ಅರ್ತ್ ಪಿನ್ನಿಗೂ ಹೊರಮೈಗೂ ಇಟ್ಟರೆ ಸೊನ್ನೆಯ ಹತ್ತಿರ ಬರಬೇಕು. ಇವೆರಡನ್ನೂ ನೋಡದೆ ಸ್ವಿಚ್ ಹಾಕಲೇಬೇಡಿ.

ಎಂಟು ತಿಂಗಳಾಯಿತು, ಈ ರಾಡ್ ಚೆನ್ನಾಗಿದೆ. ಮೀಟರ್ ಹಿಡಿದು ಅಭ್ಯಾಸ ಇಲ್ಲದವರು ಮೆಕ್ಯಾನಿಕ್‌ಗೇ ಕೊಡಿ, ಆದರೆ ಎಷ್ಟು ವ್ಯಾಟಿನ ರಾಡ್ ಹಾಕುತ್ತೀರಿ ಅಂತ ಮೊದಲೇ ಕೇಳಿ. ತಿರುಚಿ ಜೋಡಿಸುವುದನ್ನು ಮಾತ್ರ ಯಾರಿಗೂ ಹೇಳಲಾರೆ.

ಒಳಗಿನ ಬಿಸಿಯನ್ನು ಹಿಡಿತದಲ್ಲಿಡುವ ಥರ್ಮೋಸ್ಟಾಟ್ ಈಗಲೂ ಸರಿಯಿಲ್ಲ. 180ಕ್ಕೆ ತಿರುಗಿಸಿದರೆ ಒಳಗಿಟ್ಟ ಥರ್ಮಾಮೀಟರ್ 200 ತೋರಿಸುತ್ತದೆ. ಅದನ್ನು ಬಿಚ್ಚಿಲ್ಲ. 160ಕ್ಕೆ ಇಟ್ಟು ಬೇಯಿಸುತ್ತಿದ್ದೇನೆ.