22 ಡಾಲರಿನ ಸೀಟು: ಆಂಟಿ ಮನೆಯೋ, ಸೆಂಟರೋ?

ಟೊರೊಂಟೊದಲ್ಲಿ ಬಸುರಿ ಅಂತ ಅಮ್ಮನಿಗೆ ಹೇಳುವ ಮೊದಲೇ ಡೇಕೇರ್ ಲಿಸ್ಟಿಗೆ ಹೆಸರು ಹಾಕು ಅಂದಿದ್ದಳು ಗೆಳತಿ. ನಕ್ಕಿದ್ದೆ. ಐದನೇ ತಿಂಗಳಲ್ಲಿ ಒಂಬತ್ತು ಸೆಂಟರಿನಲ್ಲಿ ಹೆಸರು ಹಾಕಿದೆ. ಮಗಳು ಹುಟ್ಟಿದ್ದು 2024ರ ಫೆಬ್ರವರಿ. ವರ್ಷದ ರಜೆ ಮುಗಿದರೂ ಒಬ್ಬರೂ ಫೋನ್ ಮಾಡಲಿಲ್ಲ.

ಮೊದಲು ಸಿಕ್ಕಿದ್ದು ಮನೆ ಡೇಕೇರ್. ಏಜೆನ್ಸಿಯ ಲೈಸೆನ್ಸಿನಲ್ಲಿ ಒಬ್ಬ ಆಂಟಿ ತಮ್ಮ ಮನೆಯಲ್ಲೇ ನಡೆಸುತ್ತಿದ್ದರು. ಹೆಚ್ಚೆಂದರೆ ಆರು ಮಕ್ಕಳು, ಅದರಲ್ಲಿ ಎರಡು ವರ್ಷದೊಳಗಿನವರು ಮೂರೇ. ಮೂರು ವಾರದಲ್ಲಿ ಸೀಟು ಸಿಕ್ಕಿತು. ಎಲ್ಲರೂ ಸೆಂಟರಿಗೇ ಮುಗಿಬೀಳುತ್ತಾರಲ್ವಾ, ಅದಕ್ಕೆ. ದುಡ್ಡಿನ ಮಿತಿ ಎರಡೂ ಕಡೆ ಒಂದೇ. ಡೇಕೇರಿನವರು ಶುಲ್ಕ ಇಳಿಸುವ ಸರ್ಕಾರದ ಯೋಜನೆಗೆ ಸೇರಿದ್ದರೆ, ನಮ್ಮ ಒಂಟಾರಿಯೊ ಪ್ರಾಂತ್ಯದಲ್ಲಿ 2025ರ ಜನವರಿಯಿಂದ ದಿನಕ್ಕೆ 22 ಡಾಲರ್ ದಾಟುವಂತಿಲ್ಲ. ಸೇರಿದ್ದಾರಾ ಅಂತ ಮೊದಲ ಫೋನಿನಲ್ಲೇ ಕೇಳಿ. ಸೇರದವರು ಬಾಯಿಗೆ ಬಂದ ರೇಟು ಹೇಳಬಹುದು.

ನಾನು ಕೊಟ್ಟ ಮೊಸರನ್ನವನ್ನು ಆಂಟಿ ಮೊದಲ ದಿನ ಮೈಕ್ರೋವೇವಿನಲ್ಲಿ ಬಿಸಿ ಮಾಡಿ, ಮೊಸರು ಒಡೆದು ನೀರಾಗಿ, ಸಂಜೆ ಡಬ್ಬಿ ತೋರಿಸುತ್ತಾ ಪೆಚ್ಚಾಗಿ ನಿಂತಿದ್ದರು. ಎರಡನೇ ವಾರ ಅವರೇ ಅನ್ನ ಕಲಸಿ ತಿನ್ನಿಸುತ್ತಿದ್ದರು. ತೊಂದರೆ ಒಂದೇ: ಆಂಟಿಗೆ ಜ್ವರ ಬಂದರೆ ಬಾಗಿಲು ಬಂದ್. ಬೆಳಗ್ಗೆ 6.40ಕ್ಕೆ ಮೆಸೇಜ್ ಬರುತ್ತಿತ್ತು. ಆಮೇಲೆ ರಜೆ ಯಾರು ಹಾಕೋದು ಅಂತ ಗಂಡ ಹೆಂಡತಿ ಜಗಳ.

ಸೆಂಟರಿನ ಫೋನ್ ಬಂದಿದ್ದು ಆಗಸ್ಟ್ ಕೊನೆಗೆ. ಲಿಸ್ಟ್ ಅಂದರೆ ರೇಷನ್ ಅಂಗಡಿಯ ಕ್ಯೂ ಅಂದುಕೊಂಡಿದ್ದೆ. ಹಾಗಲ್ಲ. ವಯಸ್ಸಿನ ಪ್ರಕಾರ ಒಂದೊಂದು ಕೋಣೆಗೂ ಬೇರೆ ಲೆಕ್ಕ. ಒಂದೂವರೆ ವರ್ಷದೊಳಗಿನ 10 ಕೂಸುಗಳಿಗೆ ಮೂವರು ಟೀಚರ್ ಬೇಕು, ಖರ್ಚು ಜಾಸ್ತಿ. ಹಾಗಾಗಿ ಎಷ್ಟೋ ಸೆಂಟರಿನಲ್ಲಿ ಆ ಕೋಣೆಯೇ ಇಲ್ಲ. ಅದು ದಾಟಿದರೆ ಐದು ಮಕ್ಕಳಿಗೆ ಒಬ್ಬರು ಸಾಕು. ಸೆಪ್ಟೆಂಬರಿನಲ್ಲಿ ದೊಡ್ಡವರು ಕಿಂಡರ್‌ಗಾರ್ಟನ್‌ಗೆ ಹೊರಟಾಗ ಸಣ್ಣವರು ಒಂದೊಂದು ಕೋಣೆ ಮೇಲಕ್ಕೆ ಸರಿಯುತ್ತಾರೆ. ನಮ್ಮವಳಿಗೆ ಆಗಷ್ಟೇ 18 ತಿಂಗಳು ತುಂಬಿತ್ತು. ಅದೃಷ್ಟ, ಅಷ್ಟೇ. ಒಳಗಿರುವ ಮಕ್ಕಳ ತಮ್ಮ ತಂಗಿಯರಿಗೆ ಮೊದಲು ಸೀಟು ಕೊಡುವ ಕಡೆ ನಮ್ಮ ನಂಬರ್ ಹಿಂದಕ್ಕೂ ಹೋಗುತ್ತದೆ! ಲಿಸ್ಟಿಗೆ ಸೇರಿಸಲು ಶುಲ್ಕ ಕೇಳುವಂತಿಲ್ಲ, ನಮ್ಮ ನಂಬರ್ ಕೇಳಿದರೆ ಹೇಳಲೇಬೇಕು. ನಾಚಿಕೆ ಬಿಟ್ಟು ಕೇಳಿ.

ಆದಾಯ ಕಡಿಮೆ ಇದ್ದವರಿಗೆ ಸಿಟಿಯ ಸಬ್ಸಿಡಿ ಇದೆ, ಅದಕ್ಕೆ ಬೇರೆಯೇ ಲಿಸ್ಟು. ಅದು ಸಿಕ್ಕರೂ ಸೀಟು ನಾವೇ ಹುಡುಕಬೇಕು.

ಸೆಂಟರಿನಲ್ಲಿ ಒಬ್ಬ ಟೀಚರ್ ಬರದಿದ್ದರೆ ಇನ್ನೊಬ್ಬರು ಬರುತ್ತಾರೆ. ನನ್ನ ಕೆಲಸಕ್ಕೆ ಅದೇ ದೊಡ್ಡದು. ಊಟ ಮಾತ್ರ ಅವರದ್ದೇ. ಗೊತ್ತಿಲ್ಲದೆ ಕಳಿಸಿದ ಶೇಂಗಾ ಚಟ್ನಿಪುಡಿ ಚಪಾತಿ ಬಾಗಿಲಲ್ಲೇ ವಾಪಸ್ ಬಂತು. ಮೂರು ವಾರ ಮಗಳು ಗೇಟಿನಲ್ಲಿ ನನ್ನ ಜಾಕೆಟ್ ಬಿಡಲಿಲ್ಲ. ಆಂಟಿ ಮನೆಗೆ ಹಾಗೆ ಒಂದು ದಿನವೂ ಅತ್ತಿರಲಿಲ್ಲ.

ಎರಡು ವರ್ಷದವರೆಗೆ ನನ್ನ ಓಟು ಆಂಟಿಗೇ. ಸೆಂಟರಿನ ಲಿಸ್ಟಿನಲ್ಲಿ ಹೆಸರು ಇರಲಿ, ಆದರೆ ಅದನ್ನೇ ಕಾಯುತ್ತಾ ಕೂರಬೇಡಿ. ಉಳಿದ ಎಂಟು ಕಡೆ ನಮ್ಮ ಹೆಸರು ಇನ್ನೂ ಇದೆ. ಮೊನ್ನೆ ಒಬ್ಬರು ಇಮೇಲ್ ಕಳಿಸಿದ್ದರು, ಈಗಲೂ ಸೀಟು ಬೇಕಾ ಅಂತ.