ಮಲ್ಪೆಯ ಮೀನಿನ ಐಸ್ ಪೆಟ್ಟಿಗೆಯಲ್ಲಿ ಮಾಂಸ: ಬಳಸಿ ನೋಡಿದವರ ಅಭಿಪ್ರಾಯ

ಮಲ್ಪೆ ಬಂದರಿನ ಆಸುಪಾಸಿನ ಅಂಗಡಿಗಳಲ್ಲಿ ಮೀನಿನ ವ್ಯಾಪಾರಿಗಳಿಗೆಂದು ಮಾರುವ 60 ಲೀಟರಿನ ದಪ್ಪ ಗೋಡೆಯ ಐಸ್ ಪೆಟ್ಟಿಗೆಯೊಂದು ನಮ್ಮ ಮನೆಯಲ್ಲಿ ಮೀನಿಗಿಂತ ಹೆಚ್ಚಾಗಿ ಮಾಂಸಕ್ಕೆ ಬಳಕೆಯಾಗುತ್ತಿದೆ. ಹೆಬ್ರಿಯ ಕಡೆಯ ಮೂಲಮನೆಯಲ್ಲಿ ಆಡು ಕಡಿದಾಗ ನಮ್ಮ ಪಾಲಿನದನ್ನು ಉಡುಪಿಗೆ ತರುವುದಕ್ಕೂ, ಮಳೆಗಾಲದಲ್ಲಿ ಕರೆಂಟು ಹೋಗಿ ಫ್ರಿಜ್ ನಿಂತಾಗ ಒಳಗಿದ್ದುದನ್ನು ಉಳಿಸಿಕೊಳ್ಳುವುದಕ್ಕೂ ಇದೇ ಆಧಾರ. ಪೆಟ್ಟಿಗೆಯ ಬಗ್ಗೆ ನನ್ನ ಅಭಿಪ್ರಾಯ ಒಳ್ಳೆಯದೇ ಇದೆ. ಆದರೆ ಮೀನಿಗೆ ಒಗ್ಗುವ ಕ್ರಮ ಮಾಂಸಕ್ಕೆ ಒಗ್ಗುವುದಿಲ್ಲ ಎಂಬುದನ್ನು ಮಾರುವವರು ಹೇಳುವುದಿಲ್ಲವಾದ್ದರಿಂದ, ಕೊಳ್ಳಬೇಕೆಂದಿರುವವರಿಗಾಗಿ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ.

ಪೆಟ್ಟಿಗೆಯ ರಚನೆ ಸರಳವಾದುದು. ಒಳಗೂ ಹೊರಗೂ ಗಟ್ಟಿ ಪ್ಲಾಸ್ಟಿಕ್ಕಿನ ಗೋಡೆ, ನಡುವೆ ಕಾವು ದಾಟದಂತೆ ತುಂಬಿದ ಪಿಯು (ಪಾಲಿಯುರೆಥೇನ್) ಫೋಮ್, ಮುಚ್ಚಳದ ಅಂಚಿಗೆ ರಬ್ಬರಿನ ಪಟ್ಟಿ, ತಳದ ಒಂದು ಬದಿಯಲ್ಲಿ ನೀರು ಬಿಡುವ ತಿರುಪಿನ ಬಿರಡೆ. ಮೀನು ಮಾರುಕಟ್ಟೆಯಲ್ಲಿ ಕಾಣುವ ಥರ್ಮಾಕೋಲ್ ಪೆಟ್ಟಿಗೆಗೆ ಹೋಲಿಸಿದರೆ ಬೆಲೆ ಹಲವು ಪಟ್ಟು ಹೆಚ್ಚು. ಆದರೂ ಥರ್ಮಾಕೋಲಿನ ಸಂದುಗಳಲ್ಲಿ ರಕ್ತದ ಪಸೆ ನಿಂತು ವಾಸನೆ ಹಿಡಿಯುತ್ತದೆ, ಅದನ್ನು ತಿಕ್ಕಿ ತೊಳೆಯುವಂತಿಲ್ಲ, ಮೂಲೆ ಮುರಿದರೆ ಅಲ್ಲಿಗೆ ಮುಗಿಯಿತು. ಮಾಂಸ ಇಡುವವರು ಈ ಹೆಚ್ಚಿನ ಹಣ ಕೊಡುವುದು ತಕ್ಕದ್ದೇ ಎಂದು ನನ್ನ ಅನಿಸಿಕೆ.

ಈ ಪೆಟ್ಟಿಗೆ ಇರುವ ತಂಪನ್ನು ಕಾಯುತ್ತದೆಯೇ ಹೊರತು ತಾನಾಗಿ ತಂಪು ಮಾಡುವುದಿಲ್ಲ. ಆಗಷ್ಟೇ ಕಡಿದ ಆಡಿನ ಮೈ 38–39 ಡಿಗ್ರಿ ಬಿಸಿ ಇರುತ್ತದೆ. ನಮ್ಮ ಕರಾವಳಿಯ ಹವೆ ವರ್ಷದ ಬಹುಭಾಗ ಮೂವತ್ತರ ಆಸುಪಾಸಿನಲ್ಲಿದ್ದು ತೇವದಿಂದ ತುಂಬಿರುವುದರಿಂದ, ಆ ಬಿಸಿ ತಾನಾಗಿ ಇಳಿಯಲಿ ಎಂದು ಕಾದು ಕೂರುವಂತಿಲ್ಲ. ರೋಗಾಣುಗಳು ಬೇಗ ಬೆಳೆಯುವುದು 5ರಿಂದ 60 ಡಿಗ್ರಿಯ ನಡುವೆ. ಅನುಕೂಲವಾದ ಬಿಸಿ ಮತ್ತು ಪಸೆ ಸಿಕ್ಕರೆ ಕೆಲವು ಇಪ್ಪತ್ತು ನಿಮಿಷಕ್ಕೊಮ್ಮೆ ಇಮ್ಮಡಿಯಾಗುತ್ತವೆ. ಬಿಸಿ ಮಾಂಸವನ್ನು ಹಾಗೆಯೇ ಪೆಟ್ಟಿಗೆಗೆ ತುಂಬಿ ಮುಚ್ಚಳ ಬಿಗಿದರೆ, ಚಳಿಯನ್ನು ಒಳಗೆ ಹಿಡಿದಿಡುವ ಅದೇ ಫೋಮು ಮಾಂಸದ ಕಾವನ್ನೂ ಒಳಗೇ ಹಿಡಿದಿಡುತ್ತದೆ. ಮೇಲಿನ ತುಂಡು ಕೈಗೆ ತಣ್ಣಗೆ ಹತ್ತಿದರೂ ನಡುವಿನ ತೊಡೆಯ ಮೂಳೆಯ ಸುತ್ತ ಗಂಟೆಗಟ್ಟಲೆ ಬೆಚ್ಚಗೇ ಇರುತ್ತದೆ, ಮತ್ತು ಕೆಡುವುದು ಅಲ್ಲಿಂದಲೇ ಶುರುವಾಗುತ್ತದೆ.

ಕಳೆದ ನವೆಂಬರಿನಲ್ಲಿ ನನ್ನ ಅಕ್ಕನ ಮಗ ಅಮೆರಿಕದ ಮಿಶಿಗನ್‌ನಿಂದ ಫೋನು ಮಾಡಿ ಕೇಳಿದ್ದೂ ಇದನ್ನೇ. ಅಲ್ಲಿ ನವೆಂಬರ್ 15ರಿಂದ 30ರವರೆಗೆ ಬಂದೂಕಿನಿಂದ ಜಿಂಕೆ ಬೇಟೆಯಾಡಲು ಪರವಾನಗಿ ಕೊಡುತ್ತಾರೆ. ಸ್ನೇಹಿತರ ಜೊತೆ ಹೋದ ಅವನಿಗೆ ಮೊದಲ ಬಾರಿಗೆ ಒಂದು ಬಿಳಿಬಾಲದ ಜಿಂಕೆ ಸಿಕ್ಕಿತ್ತು. ನಮ್ಮಲ್ಲಿ ಇದನ್ನು ಯೋಚಿಸುವಂತೆಯೂ ಇಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಜಿಂಕೆಯ ಬೇಟೆ ಅಪರಾಧ, ಅದರ ಮಾಂಸ ಮನೆಯಲ್ಲಿದ್ದರೂ ಅಪರಾಧ. ಸೋಮೇಶ್ವರ ವನ್ಯಜೀವಿಧಾಮದ ಮಗ್ಗುಲಲ್ಲೇ ಇರುವ ನಮ್ಮ ಹೆಬ್ರಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ಮತ್ತು ಆ ಕಾಯ್ದೆ ಹಾಗೆಯೇ ಬಿಗಿಯಾಗಿರಬೇಕು ಎಂಬುದೇ ನನ್ನ ನಿಲುವು. ಅಲ್ಲಿನ ನಿಯಮ ಅಲ್ಲಿಗೆ.

"ಮಾವ, ನಿಮ್ಮ ಮೀನಿನ ಪೆಟ್ಟಿಗೆಯಂಥದ್ದೇ ಒಂದು ನನ್ನ ಹತ್ತಿರವೂ ಉಂಟು. ಮಾಂಸ ಸೀದಾ ಅದಕ್ಕೇ ಹಾಕಬಹುದಾ?" ಎಂದು ಅವನು ಕೇಳಿದ.

"ಈಗಲೇ ಹಾಕಬೇಡ ಮಾರಾಯ, ಮೊದಲು ಕಾವು ಹೋಗಲಿ" ಎಂದೆ.

ಆ ಮೇಲಿನದನ್ನು ಅವನ ಜೊತೆಗಿದ್ದ ಅನುಭವಿಗಳು ಚೆನ್ನಾಗಿಯೇ ನಡೆಸಿದರು. ಕೈಗವಸು ಹಾಕಿಕೊಂಡು, ಕರುಳು ಮತ್ತು ಮೂತ್ರಕೋಶ ಒಡೆಯದಂತೆ ಕೂಡಲೇ ಹೊಟ್ಟೆ ಬಿಡಿಸಿ, ಎದೆಗೂಡಿಗೆ ಅಡ್ಡಲಾಗಿ ಒಂದು ಕೋಲು ಕೊಟ್ಟು ಒಳಗೆ ಗಾಳಿಯಾಡುವಂತೆ ಮಾಡಿದರು. ಚಳಿಗಾಲದ ಜಿಂಕೆಯ ರೋಮ ಒಳಗೆ ಟೊಳ್ಳಾಗಿದ್ದು ಕಂಬಳಿಯಂತೆ ಕಾವನ್ನು ತಡೆಯುವುದರಿಂದ ಚರ್ಮವನ್ನೂ ತಡಮಾಡದೆ ಸುಲಿದರು. ಕರುಳಿನ ಹೊಲಸು ತಾಗಿದ ಜಾಗವನ್ನು ನೀರು ಹೊಯ್ದು ತೊಳೆಯದೆ ಚಾಕುವಿನಿಂದ ಕೆತ್ತಿ ತೆಗೆದರು. ತೊಳೆದರೆ ಹೊಲಸು ಉಳಿದ ಮಾಂಸಕ್ಕೂ ಹರಡುತ್ತದೆ. ಬಳಿಕ ಕಾಲುಗಳನ್ನು ಬಿಡಿಸಿ ಹತ್ತಿಯ ಚೀಲದಲ್ಲಿ ನೆರಳಿಗೆ ತೂಗುಹಾಕಿದರು. ಆ ರಾಜ್ಯದ ಜಿಂಕೆಗಳಲ್ಲಿ ಮಿದುಳು ಸೊರಗಿಸುವ ಒಂದು ರೋಗ 2015ರಿಂದ ಕಾಣಿಸಿಕೊಂಡಿರುವುದರಿಂದ ಮಿದುಳು, ಬೆನ್ನುಹುರಿಗಳನ್ನು ಮುಟ್ಟದೆ ಬಿಟ್ಟು, ಪರೀಕ್ಷೆಗೂ ಕೊಟ್ಟರಂತೆ. ಇಷ್ಟಾದ ಮೇಲೆ ಅವನ ಪೆಟ್ಟಿಗೆಗೆ ಕೆಲಸ. ಹೊರಗಿನ ಹವೆಯೇ ಐದಾರು ಡಿಗ್ರಿ ಇದ್ದ ಊರಿನಲ್ಲಿ ಪೆಟ್ಟಿಗೆಗೆ ಉಳಿದದ್ದು ಹಗುರದ ಕೆಲಸ. ನಮ್ಮಲ್ಲಿ ಆ ಭಾಗ್ಯವಿಲ್ಲ.

ಹೆಬ್ರಿಯಲ್ಲಿ ನಾವು ಅನುಸರಿಸುವ ಕ್ರಮ ಹೀಗಿದೆ. ಬೆಳಕು ಹರಿಯುವ ಹೊತ್ತಿಗೇ ಕಡಿದು, ಚರ್ಮ ಸುಲಿದು, ಹಿಂಗಾಲು ಮುಂಗಾಲುಗಳನ್ನು ಇಡಿಯಾಗಿ ಬಿಡಿಸುತ್ತೇವೆ. ಸಣ್ಣ ತುಂಡು ಮಾಡುವುದಿಲ್ಲ. ಅವುಗಳನ್ನು ಹಿಂಬದಿಯ ಚಾವಡಿಯಲ್ಲಿ, ನೊಣ ಕೂರದಂತೆ ಒಗೆದು ಒಣಗಿಸಿದ ಹಳೆಯ ಪಂಚೆಯ ಬಟ್ಟೆ ಸುತ್ತಿ, ಒಂದಕ್ಕೊಂದು ತಾಗದಂತೆ ತೂಗುಹಾಕಿ, ಫ್ಯಾನಿನ ಗಾಳಿ ಬೀಳುವಂತೆ ನೋಡಿಕೊಳ್ಳುತ್ತೇವೆ. ಮೇಲ್ಮೈ ಒಣಗಿ, ಮುಟ್ಟಿದರೆ ಬೆರಳಿಗೆ ಅಂಟದಂತಾಗುತ್ತದೆ. ಬಿಸಿಲು ಏರುವುದರೊಳಗೆ ಅವು ಪೆಟ್ಟಿಗೆಯಲ್ಲಿರಬೇಕು. ಲಿವರ್ ಮತ್ತು ಬೋಟಿಯನ್ನು ಇದಕ್ಕೆ ಸೇರಿಸುವುದಿಲ್ಲ. ಅವು ಆ ದಿನದ ಮಧ್ಯಾಹ್ನದ ಊಟಕ್ಕೇ ಮುಗಿಯುತ್ತವೆ.

ಕಾಲನ್ನು ಇಡಿಯಾಗಿ ಬಿಡುವುದಕ್ಕೆ ಕಾರಣವಿದೆ. ಪ್ರಾಣಿ ಸತ್ತ ಮೇಲೂ ಸ್ನಾಯುವಿನಲ್ಲಿ ಉಳಿದಿದ್ದ ಶಕ್ತಿ ಖರ್ಚಾಗುತ್ತಾ ಆಮ್ಲವಾಗಿ ಬದಲಾಗುತ್ತದೆ, ಸ್ನಾಯುವಿನ ಪಿಎಚ್ (ಹುಳಿಯ ಅಳತೆ, ಇಳಿದಷ್ಟೂ ಹುಳಿ ಹೆಚ್ಚು) ಏಳರ ಆಸುಪಾಸಿನಿಂದ ಐದೂವರೆಗೆ ಹತ್ತಿರವಾಗಿ ಇಳಿಯುತ್ತದೆ. ಇದು ಮುಗಿಯುವ ಮೊದಲೇ, ಅಂದರೆ ಕಡಿದ ಮೊದಲ ಹತ್ತು ಗಂಟೆಯೊಳಗೆ, ಮಾಂಸ 10 ಡಿಗ್ರಿಗಿಂತ ಕೆಳಗೆ ಹೋದರೆ ಸ್ನಾಯು ಸೆಡೆತು ಬಿಗಿಯಾಗಿ, ಎಷ್ಟು ಬೇಯಿಸಿದರೂ ನಾರು ನಾರಾಗಿಯೇ ಉಳಿಯುತ್ತದೆ. ಕೊಬ್ಬು ಕಡಿಮೆಯಿರುವ ಆಡು, ಜಿಂಕೆಗಳಿಗೆ ಈ ಅಪಾಯ ಹೆಚ್ಚು. ಮೂಳೆಗೆ ಅಂಟಿಕೊಂಡಿರುವ ಸ್ನಾಯು ಅಷ್ಟು ಸುಲಭವಾಗಿ ಸೆಡೆಯಲಾರದು. ಹೀಗಾಗಿ ಮಾಂಸ ಕೆಡದಷ್ಟು ಬೇಗ, ಸೆಡೆಯದಷ್ಟು ನಿಧಾನವಾಗಿ ತಣಿಯಬೇಕು. ಈ ಪೆಟ್ಟಿಗೆಯನ್ನು ನಾನು ಮೆಚ್ಚುವುದು ಮುಖ್ಯವಾಗಿ ಇಲ್ಲಿಯೇ: ತಳದಲ್ಲಿ ಐಸ್, ಅದರ ಮೇಲೆ ಸ್ಟೀಲಿನ ಜಾಲರಿ, ಜಾಲರಿಯ ಮೇಲೆ ಬಟ್ಟೆ ಸುತ್ತಿದ ಕಾಲುಗಳು, ಅವುಗಳ ಮೇಲೆ ಮತ್ತೆ ಐಸ್ ಬಾಟಲಿಗಳನ್ನು ಇಟ್ಟು, ಅಡುಗೆಮನೆಯ ಥರ್ಮಾಮೀಟರನ್ನು ತೊಡೆಯ ಮೂಳೆಯವರೆಗೆ ಚುಚ್ಚಿ ನೋಡಿದಾಗ, ಮುಸ್ಸಂಜೆಯ ಹೊತ್ತಿಗೆ ಅದು ಹತ್ತು ಡಿಗ್ರಿಯ ಹತ್ತಿರ, ಮರುದಿನ ಬೆಳಿಗ್ಗೆ ನಾಲ್ಕರ ಹತ್ತಿರ ತೋರಿಸಿತ್ತು. ಮನೆಯ ಫ್ರಿಜ್ಜಿಗೆ ಅಷ್ಟು ಮಾಂಸವನ್ನು ಒಮ್ಮೆಲೇ ತುಂಬಿದರೆ ಹಾಲು ಮೊಸರಿನ ಸಮೇತ ಎಲ್ಲವೂ ಬೆಚ್ಚಗಾಗುತ್ತದೆ.

ಐಸ್ ಎಷ್ಟು ಬೇಕೆಂಬುದನ್ನು ಲೆಕ್ಕ ಹಾಕಬಹುದು. ಸುಮಾರು 12 ಕಿಲೋ ಮಾಂಸ 38 ಡಿಗ್ರಿಯಿಂದ 4 ಡಿಗ್ರಿಗೆ ಇಳಿಯಬೇಕಾದರೆ ಅದರ ಕಾವನ್ನು ಹೀರಲೆಂದೇ ನಾಲ್ಕು ಕಿಲೋಗಿಂತ ತುಸು ಹೆಚ್ಚು ಐಸ್ ಕರಗಬೇಕು. ಗೋಡೆಯ ಮೂಲಕ, ಮುಚ್ಚಳ ತೆರೆದಾಗಲೆಲ್ಲ ಒಳಬರುವ ಕಾವು ಇದಕ್ಕೆ ಸೇರುತ್ತದೆ. ಹಾಗಾಗಿ ಒಂದು ಕಿಲೋ ಮಾಂಸಕ್ಕೆ ಒಂದು ಕಿಲೋ ಐಸ್ ಎಂದು ಇಟ್ಟುಕೊಂಡರೆ ಒಂದು ದಿನಕ್ಕೆ ನಿಶ್ಚಿಂತೆ. ಬಂದರಿನವರು ಮೀನಿಗೆ ಹಿಡಿಯುವ ಅಳತೆಯೂ ಹೆಚ್ಚುಕಡಿಮೆ ಇದೇ. ಪೆಟ್ಟಿಗೆಯನ್ನು ಹಿಂದಿನ ರಾತ್ರಿಯೇ ಸ್ವಲ್ಪ ಐಸ್ ಹಾಕಿ ತಣಿಸಿಟ್ಟರೆ ಇನ್ನೂ ಒಳ್ಳೆಯದು.

ನೀರಿನ ವಿಷಯದಲ್ಲಿ ಮಾತ್ರ ಬಂದರಿನ ಪದ್ಧತಿಯನ್ನು ಪೂರ್ತಿಯಾಗಿ ಬಿಡಬೇಕು. ಬಂಗುಡೆ, ಬೂತಾಯಿಯನ್ನು ಪುಡಿ ಐಸಿನಲ್ಲಿ ಹೂತಿಡುವುದು ಸರಿ. ಮೀನಿಗೆ ಚರ್ಮದ ಕಾಪು ಇದೆ, ಕರಗಿದ ನೀರು ಲೋಳೆಯನ್ನು ತೊಳೆದುಕೊಂಡು ಹೋಗುತ್ತದೆ. ಚರ್ಮ ಸುಲಿದ ಮಾಂಸ ಐಸ್ ನೀರಿನಲ್ಲಿ ನೆನೆದರೆ ಬಣ್ಣ ಬಿಳಚಿ, ರುಚಿ ಸೋರಿ, ಮೇಲ್ಮೈ ಲೋಳೆಗಟ್ಟುತ್ತದೆ. ಬಂದರಿನ ಐಸ್ ಕುಡಿಯುವ ನೀರಿನದ್ದೆಂದು ನಂಬುವಂತೆಯೂ ಇಲ್ಲ. ಆದ್ದರಿಂದ ಮೇಲಿಡುವುದಕ್ಕೆ ಮನೆಯಲ್ಲೇ ಬಾಟಲಿಗಳಲ್ಲಿ ಮುಕ್ಕಾಲಿಗಿಂತ ತುಸು ಮೇಲೆ ನೀರು ತುಂಬಿ ಗಟ್ಟಿ ಮಾಡಿಟ್ಟದ್ದೇ ಆಗಬೇಕು. ತಳದ ಬಿರಡೆಯನ್ನು ಸಡಿಲಿಸಿ, ಪೆಟ್ಟಿಗೆಯನ್ನು ಆ ಬದಿಗೆ ಸ್ವಲ್ಪ ಓರೆಯಾಗಿ ಇಟ್ಟರೆ ನೀರು ತಾನಾಗಿ ಹೊರಹೋಗುತ್ತದೆ. ಮಾಂಸಕ್ಕೆಂದು ಕೊಳ್ಳುವವರು ಬಿರಡೆ ಇಲ್ಲದ ಪೆಟ್ಟಿಗೆಯನ್ನು ಅಗ್ಗಕ್ಕೆ ಕೊಟ್ಟರೂ ತರಬಾರದು.

ಕುಂದುಗಳೂ ಇವೆ. ಮಾಂಸ, ಐಸ್ ತುಂಬಿದಾಗ ಒಟ್ಟು ತೂಕ ಮೂವತ್ತು ಕಿಲೋ ದಾಟುತ್ತದೆ. ಒಬ್ಬರೇ ಎತ್ತಿ ಕಾರಿಗೆ ಇಡುವುದು ಕಷ್ಟ, ಹಿಡಿಕೆಯ ಹಗ್ಗ ಅಂಗೈಯನ್ನು ಕೊರೆಯುತ್ತದೆ. ನಮ್ಮ ಪೆಟ್ಟಿಗೆಯ ಒಳತಳ ಬಿರಡೆಯ ಕಡೆಗೆ ಇಳಿಜಾರಾಗಿಲ್ಲ, ಎಷ್ಟು ಓರೆ ಮಾಡಿದರೂ ಒಂದು ಮೂಲೆಯಲ್ಲಿ ಲೋಟದಷ್ಟು ನೀರು ನಿಂತೇ ಇರುತ್ತದೆ. ಜಾಲರಿಯನ್ನು ಅದರೊಂದಿಗೆ ಕೊಡುವುದಿಲ್ಲ, ಬೇರೆಯಾಗಿ ಅಳತೆ ಕೊಟ್ಟು ಮಾಡಿಸಬೇಕು. ಮುಚ್ಚಳದ ರಬ್ಬರಿನ ಪಟ್ಟಿಯ ಮಡಿಕೆಯಲ್ಲಿ ಕೊಬ್ಬು ಸೇರಿಕೊಳ್ಳುತ್ತದೆ. ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ, ಬಿಸಿ ನೀರು ಮತ್ತು ಪಾತ್ರೆ ಸೋಪಿನಲ್ಲಿ ತಿಕ್ಕದಿದ್ದರೆ ಮುಂದಿನ ಬಾರಿ ತೆರೆದಾಗ ಕಮಟು ವಾಸನೆ ಮೂಗಿಗೆ ಬಡಿಯುತ್ತದೆ. ತೊಳೆದ ಮೇಲೆ ಮುಚ್ಚಳ ತೆರೆದು ಪೂರ್ತಿ ಒಣಗಿಸುವುದೂ ಅಷ್ಟೇ ಅಗತ್ಯ. ಒಮ್ಮೆ ಮೀನು ಹಾಕಿದ ಪೆಟ್ಟಿಗೆಯ ವಾಸನೆ ಪೂರ್ತಿ ಹೋಗುವುದಿಲ್ಲವಾದ್ದರಿಂದ, ಮಾಂಸಕ್ಕೆಂದೇ ಬೇರೆ ಒಂದನ್ನು ಇಟ್ಟುಕೊಳ್ಳುವುದು ಲೇಸು. ಮಟನ್ ಸುಕ್ಕದಲ್ಲಿ ಬೂತಾಯಿಯ ಪರಿಮಳವನ್ನು ಮನೆಯವರು ಯಾರೂ ಒಪ್ಪಲಾರರು.

ಮನೆಗೆ ತಂದ ಮೇಲೆ ಮಾಂಸವನ್ನು ಒಂದು ದಿನ ಫ್ರಿಜ್ಜಿನ ಕೆಳತಟ್ಟೆಯಲ್ಲಿ, ಇತರ ಆಹಾರಕ್ಕೆ ತಾಗದಂತೆ ಇಟ್ಟು, ಮರುದಿನ ತುಂಡು ಮಾಡಿದರೆ ಮೆತ್ತಗೆ ಬೇಯುತ್ತದೆ. ಅದೇ ದಿನ ಬೇಯಿಸಿದ್ದೇ ಶ್ರೇಷ್ಠ ಎನ್ನುವ ನಮ್ಮ ಕಡೆಯ ಹಿರಿಯರು ಇದನ್ನು ಒಪ್ಪುವುದಿಲ್ಲ. ತಣಿಸುವ ಅನುಕೂಲವಿಲ್ಲದ ಕಾಲದಲ್ಲಿ ಅವರ ಮಾತು ಸರಿಯಾಗಿಯೇ ಇತ್ತು.

ಕೊಳ್ಳುವವರು ಅಂಗಡಿಯಲ್ಲೇ ಎರಡು ಪರೀಕ್ಷೆ ಮಾಡಬೇಕು. ಮುಚ್ಚಳದ ಅಂಚಿಗೆ ಒಂದು ಕಾಗದದ ಚೂರು ಸಿಕ್ಕಿಸಿ ಮುಚ್ಚಿ ಎಳೆದು ನೋಡಿ. ಸುತ್ತಲೂ ಎಲ್ಲಿಯೂ ಸಲೀಸಾಗಿ ಜಾರಿ ಬರಬಾರದು. ಇಡೀ ಆಡಿನ ಹಿಂಗಾಲು ಓರೆಯಾಗಿ ಹಿಡಿಸುವಷ್ಟು ಒಳಗಿನ ಉದ್ದ ಇದೆಯೇ ಎಂದು ಅಳೆಯಿರಿ. 60 ಲೀಟರಿನದರಲ್ಲಿ ಹಿಡಿಸುತ್ತದೆ, ಅದಕ್ಕಿಂತ ಚಿಕ್ಕದರಲ್ಲಿ ಮೂಳೆ ಕಡಿಯಬೇಕಾಗುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ ಇರುವುದರಿಂದ, ಆ ದಿನಗಳಲ್ಲಿ ಮಲ್ಪೆಯ ಐಸ್ ಪ್ಲಾಂಟುಗಳನ್ನೇ ನೆಚ್ಚಿಕೊಳ್ಳದೆ ಬಾಟಲಿಗಳನ್ನು ಮೊದಲೇ ಫ್ರೀಜರಿನಲ್ಲಿ ಗಟ್ಟಿ ಮಾಡಿಟ್ಟುಕೊಳ್ಳಿ. ಬಿರಡೆಯ ರಬ್ಬರ್ ವಾಷರ್ ತೊಳೆಯುವಾಗ ಕಳೆದುಹೋಗುವುದು ಸಾಮಾನ್ಯ, ಆದ್ದರಿಂದ ಪೆಟ್ಟಿಗೆಯ ಜೊತೆಗೇ ಎರಡು ಹೆಚ್ಚುವರಿ ವಾಷರ್ ಕೇಳಿ ಪಡೆಯಿರಿ.